ಮೋಟಾರು ಸೈಕಲ್ಲಿನ ಒಳಸರಪಳಿ: ಸವೆದ ಟೆನ್ಷನರನ್ನು ಯಾವಾಗ ಬದಲಾಯಿಸಬೇಕು?

ನಮ್ಮ ಹೊಸೂರು ಸೀಮೆಯಲ್ಲಿ ಮೋಟಾರು ಸೈಕಲ್ಲು ಈಗ ಷೋಕಿಯ ವಸ್ತುವಾಗಿ ಉಳಿದಿಲ್ಲ. ತಳಿ, ಕೆಲಮಂಗಲ, ಬಾಗಲೂರು ಕಡೆಯ ರೈತರು ಹೂವಿನ ಮೂಟೆಯನ್ನೂ ತರಕಾರಿಯ ಚೀಲವನ್ನೂ ಪೇಟೆಗೆ ಮುಟ್ಟಿಸುವುದು ಅದರ ಮೇಲೆಯೇ. ಹಾಲಿನ ಕ್ಯಾನು ಡೈರಿಗೆ ಹೋಗುವುದು ಅದರ ಮೇಲೆಯೇ. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿದ ತಂದೆ ಮನೆಗೆ ಬರುವುದೂ, ಬೆಳಗ್ಗೆ ಮಕ್ಕಳನ್ನು ನಮ್ಮ ಶಾಲೆಯ ಬಾಗಿಲಲ್ಲಿ ಇಳಿಸಿ ಹೋಗುವುದೂ ಅದರ ಮೇಲೆಯೇ. ಹಿಂದಿನ ಕಾಲದಲ್ಲಿ ಮನೆಯ ಎತ್ತು ಕಾಯಿಲೆ ಬಿದ್ದರೆ ಮನೆಮಂದಿಯೆಲ್ಲ ಹೇಗೆ ಕಂಗೆಡುತ್ತಿದ್ದರೋ, ಇಂದು ಬಂಡಿ ನಿಂತರೆ ಹಾಗೆಯೇ ಕಂಗೆಡುತ್ತಾರೆ.

ಟೈರು ಸವೆದರೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಬ್ರೇಕು ಸಡಿಲವಾದರೆ ಕಾಲಿಗೆ ತಿಳಿಯುತ್ತದೆ. ಹಿಂದಿನ ಚಕ್ರವನ್ನು ಎಳೆಯುವ ಹೊರಗಿನ ಚೈನು ಜೋತುಬಿದ್ದರೆ ಚಿಕ್ಕ ಹುಡುಗನೂ ತೋರಿಸಬಲ್ಲನು. ಆದರೆ ಎಂಜಿನಿನ ಹೊಟ್ಟೆಯೊಳಗೆ, ಯಾರ ಕಣ್ಣಿಗೂ ಬೀಳದೆ, ಇನ್ನೊಂದು ಸಣ್ಣ ಚೈನು ಎಣ್ಣೆಯಲ್ಲಿ ನೆನೆಯುತ್ತ ಓಡುತ್ತಿರುತ್ತದೆ. ಅದನ್ನು ಕ್ಯಾಮ್ ಚೈನು ಎಂದೂ, ನಮ್ಮ ಕಡೆಯ ಮೆಕ್ಯಾನಿಕ್ಕುಗಳ ಮಾತಿನಲ್ಲಿ ಟೈಮಿಂಗ್ ಚೈನು ಎಂದೂ ಕರೆಯುತ್ತಾರೆ. ಆ ಚೈನನ್ನು ಸದಾ ಬಿಗಿಯಾಗಿ ಹಿಡಿದಿರುವ ಪುಟ್ಟ ಸಾಧನವೇ ಟೆನ್ಷನರು. ಅದು ಸವೆದಿದೆಯೇ, ಇನ್ನೂ ನಡೆದೀತೇ, ಯಾವಾಗ ಬದಲಾಯಿಸಬೇಕು ಎಂಬ ಪ್ರಶ್ನೆಯನ್ನು ಪೋಷಕರು ಮೇಲಿಂದ ಮೇಲೆ ಕೇಳುವುದುಂಟು. ನಾವು ಯಂತ್ರಶಾಸ್ತ್ರದ ಪಂಡಿತರಲ್ಲ. ಆದರೆ ವರ್ಕ್‌ಷಾಪುಗಳಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಬಿಚ್ಚಿ ತೋರಿಸಿದ್ದನ್ನು ಕಣ್ಣಾರೆ ಕಂಡು, ಅದರ ತತ್ತ್ವವನ್ನು ಶಾಲೆಯ ವಿಜ್ಞಾನದೊಡನೆ ಹೊಂದಿಸಿ ನೋಡಿದ್ದೇವೆ. ಅದನ್ನೇ ಇಲ್ಲಿ ನಿರೂಪಿಸುತ್ತೇವೆ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುವುದು ಮೇಲು. ಕಿಲೋಮೀಟರಿನ ಲೆಕ್ಕವೊಂದನ್ನೇ ನೋಡಿ ಟೆನ್ಷನರನ್ನು ಬದಲಾಯಿಸತಕ್ಕದ್ದಲ್ಲ. ಶಬ್ದ ಕೇಳಿದೊಡನೆ ಪರೀಕ್ಷೆಯಿಲ್ಲದೆ ಬದಲಾಯಿಸುವುದೂ ಸರಿಯಲ್ಲ. ಆದರೆ ಅದು ಬಿಗಿಹಿಡಿಯುವ ಶಕ್ತಿಯನ್ನು ಕಳೆದುಕೊಂಡಿದೆ ಎಂದು ಪರೀಕ್ಷೆಯಿಂದ ಖಚಿತವಾದ ಮೇಲೆ ಒಂದು ದಿನವೂ ತಡಮಾಡಬಾರದು. ಇದರ ಕಾರಣಗಳನ್ನು ಕ್ರಮವಾಗಿ ವಿಚಾರಿಸೋಣ.

ಒಳಸರಪಳಿಯ ಕೆಲಸ

ಫೋರ್ ಸ್ಟ್ರೋಕ್ ಎಂಜಿನಿನಲ್ಲಿ ಪಿಸ್ಟನ್ನು ನಾಲ್ಕು ಸಲ ಮೇಲೆ ಕೆಳಗೆ ಚಲಿಸಿದರೆ ಒಂದು ಆವರ್ತ ಪೂರ್ಣವಾಗುತ್ತದೆ: ಪೆಟ್ರೋಲು ಗಾಳಿಗಳ ಮಿಶ್ರಣವನ್ನು ಒಳಗೆಳೆಯುವುದು, ಅದನ್ನು ಒತ್ತುವುದು, ಕಿಡಿ ತಗುಲಿ ಉರಿದ ಅನಿಲ ಪಿಸ್ಟನ್ನನ್ನು ಕೆಳಗೆ ನೂಕುವುದು, ಸುಟ್ಟ ಹೊಗೆಯನ್ನು ಹೊರಗಟ್ಟುವುದು. ಇಷ್ಟರಲ್ಲಿ ಕೆಳಗಿನ ಕ್ರ್ಯಾಂಕು ದಂಡ ಎರಡು ಸುತ್ತು ತಿರುಗುತ್ತದೆ. ಒಳಬಾಗಿಲೂ ಹೊರಬಾಗಿಲೂ ಆಗಿರುವ ವಾಲ್ವುಗಳಾದರೋ ಒಂದೊಂದು ಸಲ ಮಾತ್ರ ತೆರೆಯಬೇಕು. ಅವುಗಳನ್ನು ತೆರೆಯುವ ಉಬ್ಬುಗಳುಳ್ಳ ಕ್ಯಾಮ್ ದಂಡವು ಸಿಲಿಂಡರಿನ ನೆತ್ತಿಯ ಮೇಲಿದ್ದು, ಕ್ರ್ಯಾಂಕು ಎರಡು ಸುತ್ತು ತಿರುಗಿದಾಗ ಒಂದೇ ಸುತ್ತು ತಿರುಗುತ್ತದೆ. ಆದಕಾರಣ ಕೆಳಗಿನ ಹಲ್ಲುಚಕ್ರಕ್ಕೆ 14 ಹಲ್ಲುಗಳಿದ್ದರೆ ಮೇಲಿನದಕ್ಕೆ 28 ಹಲ್ಲುಗಳಿರುತ್ತವೆ. ಇವೆರಡನ್ನೂ ಕೂಡಿಸುವುದೇ ನಮ್ಮ ಒಳಸರಪಳಿ.

ಎಲ್ಲ ಬಂಡಿಗಳಿಗೂ ಈ ಸರಪಳಿ ಇರುವುದಿಲ್ಲವೆಂಬುದನ್ನು ಹಿರಿಯರು ಬಲ್ಲರು. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬಂಡಿಗಳೂ, 1980ರಲ್ಲಿ ನಮ್ಮ ಹೊಸೂರಿನ ಕಾರ್ಖಾನೆಯಿಂದ ಹೊರಬಂದ ಟಿ.ವಿ.ಎಸ್. 50 ಮೊಪೆಡ್ಡೂ ಟೂ ಸ್ಟ್ರೋಕ್ ಜಾತಿಯವು. ಅವುಗಳಿಗೆ ಇಂಥ ವಾಲ್ವುಗಳೂ ಇಲ್ಲ, ಕ್ಯಾಮೂ ಇಲ್ಲ, ಟೆನ್ಷನರಿನ ಚಿಂತೆಯೂ ಇಲ್ಲ. ಹಳೆಯ ಬುಲೆಟ್ಟು ಫೋರ್ ಸ್ಟ್ರೋಕ್ ಆದರೂ ಅದರ ಕ್ಯಾಮುಗಳು ಕೆಳಗೇ ಇದ್ದು ಹಲ್ಲುಚಕ್ರಗಳಿಂದ ತಿರುಗುತ್ತಿದ್ದವು. ಉದ್ದನೆಯ ಕಡ್ಡಿಗಳು ಮೇಲಕ್ಕೆ ಒತ್ತಿ ವಾಲ್ವುಗಳನ್ನು ತೆರೆಯುತ್ತಿದ್ದವು. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಬಂದ ಮೇಲೆ ನೆತ್ತಿಯ ಮೇಲೆ ಕ್ಯಾಮುಳ್ಳ, ಚೈನಿನಿಂದ ನಡೆಯುವ ಎಂಜಿನು ನಮ್ಮ ಹಳ್ಳಿಹಳ್ಳಿಗೂ ಹಬ್ಬಿತು. 2023ರಲ್ಲಿ ಬಂದ ಹೊಸ ಬುಲೆಟ್ 350 ಕೂಡ ಈ ಪಂಕ್ತಿಗೇ ಸೇರಿತು. ಆದುದರಿಂದ ಹಿಂದಿನ ತಲೆಮಾರಿನವರಿಗೆ ಬೇಡವಾಗಿದ್ದ ಈ ತಿಳಿವಳಿಕೆ ಈಗಿನವರಿಗೆ ಅವಶ್ಯವಾಗಿದೆ.

ಈ ಚೈನು ಎಷ್ಟು ದುಡಿಯುತ್ತದೆ ಎಂಬುದನ್ನು ನಮ್ಮ ಮಕ್ಕಳು ಲೆಕ್ಕ ಹಾಕಿ ನೋಡಲಿ. ಎಂಜಿನು ನಿಮಿಷಕ್ಕೆ 6000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 100 ಸುತ್ತಾಯಿತು. ಕೆಳಗಿನ ಚಕ್ರಕ್ಕೆ 14 ಹಲ್ಲುಗಳಾದುದರಿಂದ ಸೆಕೆಂಡಿಗೆ 1400 ಕೊಂಡಿಗಳು ಅದನ್ನು ಹಾದುಹೋಗುತ್ತವೆ. ಕೊಂಡಿಯಿಂದ ಕೊಂಡಿಗೆ 6.35 ಮಿಲಿಮೀಟರು ಅಂತರವಿದ್ದರೆ ಚೈನು ಸೆಕೆಂಡಿಗೆ ಸುಮಾರು 9 ಮೀಟರು ಓಡುತ್ತದೆ. ಅಂದರೆ ಗಂಟೆಗೆ ಸುಮಾರು 32 ಕಿಲೋಮೀಟರು! ಆ ಒಂದು ಸೆಕೆಂಡಿನಲ್ಲಿ ಪ್ರತಿಯೊಂದು ವಾಲ್ವೂ 50 ಸಲ ತೆರೆದು ಮುಚ್ಚಿರುತ್ತದೆ.

ಇದೆಲ್ಲವೂ ಕೋಲಾಟದಂತೆ. ಎದುರುಬದುರಾಗಿ ನಿಂತ ಇಬ್ಬರ ಹೆಜ್ಜೆ ಹೊಂದಿಕೊಂಡಿರುವವರೆಗೆ ಕೋಲಿಗೆ ಕೋಲು ತಗುಲಿ ಇಂಪಾದ ನಾದ ಹೊರಡುತ್ತದೆ. ಒಬ್ಬನ ಹೆಜ್ಜೆ ತಪ್ಪಿದರೆ ಕೋಲು ಬೆರಳಿನ ಮೇಲೆ ಬೀಳುತ್ತದೆ. ಹಲವು ಎಂಜಿನುಗಳಲ್ಲಿ ತೆರೆದ ವಾಲ್ವೂ ಮೇಲಕ್ಕೆ ಬಂದ ಪಿಸ್ಟನ್ನೂ ಒಂದೇ ಜಾಗವನ್ನು ಬೇರೆ ಬೇರೆ ಗಳಿಗೆಯಲ್ಲಿ ಬಳಸುತ್ತವೆ. ಗಳಿಗೆ ತಪ್ಪಿದರೆ ಒಂದಕ್ಕೊಂದು ಬಡಿಯುತ್ತವೆ.

ಚೈನು ಏಕೆ ಉದ್ದವಾಗುತ್ತದೆ?

ಚೈನು ಹಿಗ್ಗಿದೆ ಎಂದು ಹೇಳುವುದು ವಾಡಿಕೆ. ನಿಜವಾಗಿ ಉಕ್ಕು ರಬ್ಬರಿನಂತೆ ಹಿಗ್ಗುವುದಿಲ್ಲ. ಒಂದೊಂದು ಕೊಂಡಿಯ ಕೀಲಿನಲ್ಲಿಯೂ ಒಂದು ಸಣ್ಣ ಪಿನ್ನು ಇರುತ್ತದೆ. ಚೈನು ಹಲ್ಲುಚಕ್ರವನ್ನು ಸುತ್ತುವಾಗಲೆಲ್ಲ ಆ ಪಿನ್ನು ತನ್ನ ರಂಧ್ರದಲ್ಲಿ ಹೊರಳಿ ಸವೆಯುತ್ತದೆ. 80 ಕೊಂಡಿಗಳ ಚೈನಿನಲ್ಲಿ ಒಂದೊಂದು ಕೀಲೂ 0.02 ಮಿಲಿಮೀಟರಿನಷ್ಟು ಸವೆದರೆ, ಅದು ಕಣ್ಣಿಗೆ ಕಾಣದ ಸವೆತ. ಆದರೆ ಒಟ್ಟುಗೂಡಿಸಿದರೆ ಚೈನು 1.6 ಮಿಲಿಮೀಟರು ಉದ್ದವಾಯಿತು. ಹನಿ ಹನಿ ಗೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಎಂಜಿನಿನ ಎಣ್ಣೆ ಕೊಳೆಯಾದರೆ ಅದರಲ್ಲಿನ ಲೋಹದ ಪುಡಿ ಕೀಲುಗಳಿಗೆ ನುಗ್ಗಿ ಉಪ್ಪುಕಾಗದದಂತೆ ಉಜ್ಜುತ್ತದೆ. ಎಣ್ಣೆ ಕಡಿಮೆಯಾದರೆ ಕೀಲುಗಳು ಒಣಗಿ ತಿಕ್ಕಾಡುತ್ತವೆ. ಆದುದರಿಂದ ಒಂದೇ ಮಾದರಿಯ ಎರಡು ಬಂಡಿಗಳಲ್ಲಿ, ಹೊತ್ತುಹೊತ್ತಿಗೆ ಎಣ್ಣೆ ಬದಲಾಯಿಸಿಕೊಂಡದ್ದು 50,000 ಕಿಲೋಮೀಟರು ದಾಟಿದರೂ ಸದ್ದಿಲ್ಲದೆ ಓಡಬಹುದು. ಎಣ್ಣೆಯ ಕಡೆ ನೋಡದೆ ಓಡಿಸಿದ್ದು ಅದಕ್ಕಿಂತ ಬಹಳ ಮೊದಲೇ ಗಲಗುಟ್ಟಬಹುದು. ‘ಇಷ್ಟು ಸಾವಿರ ಓಡಿದೆ, ಟೆನ್ಷನರು ಹೋಗಿರಲೇಬೇಕು’ ಎಂದು ಮೀಟರು ನೋಡಿ ತೀರ್ಪು ಕೊಡುವುದು ಈ ಕಾರಣದಿಂದಲೇ ಸಲ್ಲದು.

ಟೆನ್ಷನರು ಎಂದರೆ ಏನು?

ಚೈನಿನ ಒಂದು ಮಗ್ಗುಲನ್ನು ಕ್ರ್ಯಾಂಕು ಎಳೆಯುತ್ತಿರುತ್ತದೆ. ಅದು ತಾನಾಗಿಯೇ ಬಿಗಿಯಾಗಿರುತ್ತದೆ. ಹಿಂತಿರುಗಿ ಹೋಗುವ ಇನ್ನೊಂದು ಮಗ್ಗುಲು ಸಡಿಲವಾಗಿರುತ್ತದೆ. ನೆಟ್ಟಗೆ ನಿಂತ ಸಿಲಿಂಡರಿನ ಎಂಜಿನುಗಳಲ್ಲಿ ಸಾಮಾನ್ಯವಾಗಿ ಹಿಂಬದಿಯದು ಸಡಿಲ ಮಗ್ಗುಲು. ಆದಕಾರಣವೇ ಸಿಲಿಂಡರಿನ ಬೆನ್ನಿಗೆ ಎರಡು ಬೋಲ್ಟುಗಳಿಂದ ಕೂರಿಸಿದ ಸಣ್ಣ ಗುಬಟು ಕಾಣುತ್ತದೆ. ಅದೇ ಟೆನ್ಷನರು. ಅದರೊಳಗಿನ ಕಡ್ಡಿ ಮುಂದಕ್ಕೆ ಚಾಚಿ ಬಿಲ್ಲಿನಂತೆ ಬಾಗಿದ ಒಂದು ಪಟ್ಟಿಯನ್ನು ಒತ್ತುತ್ತದೆ. ರಬ್ಬರು ಅಥವಾ ಪ್ಲಾಸ್ಟಿಕ್ಕಿನ ಮುಖವುಳ್ಳ ಆ ಪಟ್ಟಿ ಚೈನನ್ನು ಒತ್ತುತ್ತದೆ. ಬಿಗಿ ಮಗ್ಗುಲಿನ ಕಡೆ ಚೈನು ಓಲಾಡದಂತೆ ಕಾಯುವ ಇನ್ನೊಂದು ಪಟ್ಟಿ ಇರುತ್ತದೆ. ಅದನ್ನು ಗೈಡು ಎನ್ನುತ್ತಾರೆ.

ಟೆನ್ಷನರುಗಳಲ್ಲಿ ಮೂರು ಬಗೆಗಳನ್ನು ಮುಖ್ಯವಾಗಿ ಹೇಳಬಹುದು. ಮೊದಲನೆಯದು ಕೈಯಿಂದ ಸರಿಪಡಿಸುವಂಥದು: ಬೋಲ್ಟನ್ನು ತಿರುಗಿಸಿ ಬಿಗಿ ಮಾಡಿ, ಮೇಲೊಂದು ನಟ್ಟಿನಿಂದ ಭದ್ರಪಡಿಸಬೇಕು. ಎರಡನೆಯದು ಸ್ಪ್ರಿಂಗಿನ ಬಲದಿಂದ ತಾನೇ ಮುಂದಕ್ಕೆ ಸರಿಯುವಂಥದು. ಕಡ್ಡಿಯ ಮೈಮೇಲಿನ ಗರಗಸದ ಹಲ್ಲುಗಳಾಗಲಿ, ಸ್ಕ್ರೂವಿನ ಸುರುಳಿಯಾಗಲಿ ಅದನ್ನು ಹಿಂದಕ್ಕೆ ಬಿಡುವುದಿಲ್ಲ. ಚೈನು ಸವೆದಂತೆಲ್ಲ ಅದು ಒಂದೊಂದೇ ಮೆಟ್ಟಿಲು ಮುಂದೆ ಹೋಗುತ್ತದೆ. ಮೂರನೆಯದು ಎಣ್ಣೆಯ ಒತ್ತಡದ ನೆರವಿನಿಂದ ನಡೆಯುವಂಥದು. ಇವಲ್ಲದೆ, ಸಿ.ಡಿ. 100ರಂತೆ ಸಿಲಿಂಡರು ಅಡ್ಡಲಾಗಿ ಮಲಗಿರುವ ಎಂಜಿನುಗಳಲ್ಲಿ ಒಂದು ತೋಳು, ಅದರ ತುದಿಗೆ ಉರುಳೆ, ಕೆಳಗಿನಿಂದ ತೋಳನ್ನು ಎತ್ತಿಹಿಡಿಯುವ ಸ್ಪ್ರಿಂಗಿನ ಕಡ್ಡಿ, ಇಷ್ಟು ಇರುತ್ತವೆ. ಇಲ್ಲಿ ಸವೆಯುವವು ಉರುಳೆಯ ರಬ್ಬರು, ಕಡ್ಡಿಯ ತಲೆಯ ರಬ್ಬರು, ಮತ್ತು ಬಲಗುಂದಿದ ಸ್ಪ್ರಿಂಗು.

ಟೆನ್ಷನರು ಚೈನಿನ ಸಡಿಲವನ್ನು ಹೀರಿಕೊಳ್ಳುತ್ತದೆಯೇ ಹೊರತು ಸವೆತವನ್ನು ಗುಣಪಡಿಸುವುದಿಲ್ಲ. ಚೈನಿನ ಬಿಗಿ ಮಗ್ಗುಲು ಉದ್ದವಾದಷ್ಟೂ ಮೇಲಿನ ಕ್ಯಾಮು ಸ್ವಲ್ಪ ಸ್ವಲ್ಪವಾಗಿ ಹಿಂದುಳಿಯುತ್ತದೆ. ಅದನ್ನು ಮುಂದೆ ತರುವ ಶಕ್ತಿ ಟೆನ್ಷನರಿಗೆ ಇಲ್ಲ. ಈ ಭೇದವನ್ನು ಅರಿಯದವರು ಹೊಸ ಟೆನ್ಷನರಿಗೆ ಹಣ ಸುರಿದು, ಹಳೆಯ ಚೈನಿನ ಸದ್ದನ್ನೇ ಮತ್ತೆ ಕೇಳುತ್ತಾರೆ.

ಕಿವಿಗೆ ಕೇಳುವ ಗುರುತು

ಚೈನು ಸಡಿಲವಾದಾಗ ಎಂಜಿನಿನ ಒಂದು ಮಗ್ಗುಲಿಂದ, ತಗಡಿನ ಡಬ್ಬಿಯಲ್ಲಿ ಸಣ್ಣ ಸರಪಳಿಯನ್ನು ಹಾಕಿ ಅಲುಗಿಸಿದಂತೆ, ಏರುಪೇರಾದ ಗಲಗಲ ಶಬ್ದ ಬರುತ್ತದೆ. ಬಂಡಿ ನಿಂತಲ್ಲೇ ಮೆಲ್ಲನೆ ಓಡುತ್ತಿರುವಾಗಲೂ, ಆಕ್ಸಿಲರೇಟರನ್ನು ಬಿಟ್ಟು ವೇಗ ಇಳಿಯುವಾಗಲೂ ಅದು ಹೆಚ್ಚಾಗಿ ಕೇಳಿಸುತ್ತದೆ. ಟ್ಯಾಪೆಟ್ಟಿನ ಸದ್ದು ಬೇರೆ; ಅದು ಹೊಲಿಗೆ ಯಂತ್ರದಂತೆ ತಾಳಬದ್ಧವಾದ ಟಿಕ್ ಟಿಕ್. ಭಾರ ಹೊತ್ತು ದಿಣ್ಣೆ ಹತ್ತುವಾಗ ಕೆಳಗಿನಿಂದ ಬರುವ ದಪ್ಪ ಬಡಿತವು ಸಾಮಾನ್ಯವಾಗಿ ಕ್ರ್ಯಾಂಕಿನ ಕಡೆಯ ದೋಷ. ಈ ಮೂರನ್ನೂ ಒಂದೇ ಎಂದು ಭಾವಿಸಬಾರದು.

ಚಳಿಗಾಲದ ಬೆಳಗ್ಗೆ ಕಿಕ್ ಹೊಡೆದೊಡನೆ ಎರಡು ಮೂರು ಸೆಕೆಂಡು ಗಲಗುಟ್ಟಿ ಸುಮ್ಮನಾಗುವ ಸದ್ದು ತಾನೇ ದೊಡ್ಡ ದೋಷವಲ್ಲ. ಎಣ್ಣೆಯ ಒತ್ತಡದಿಂದ ನಡೆಯುವ ಟೆನ್ಷನರಿಗೆ ಎಣ್ಣೆ ಮೇಲೇರುವಷ್ಟು ಹೊತ್ತು ಬೇಕು. ಆದರೆ ಆ ಕೆಲವು ಸೆಕೆಂಡುಗಳು ವಾರದಿಂದ ವಾರಕ್ಕೆ ಬೆಳೆಯುತ್ತಿದ್ದರೆ, ಅಥವಾ ಎಂಜಿನು ಚೆನ್ನಾಗಿ ಬಿಸಿಯಾದ ಮೇಲೂ ಸದ್ದು ನಿಲ್ಲದಿದ್ದರೆ ಪರೀಕ್ಷಿಸುವ ಸಮಯ ಬಂದಿತೆಂದು ತಿಳಿಯಬೇಕು.

ಬಿಚ್ಚುವ ಮೊದಲು ಎರಡು ಸಣ್ಣ ಕೆಲಸಗಳಿವೆ. ಎಣ್ಣೆ ಎಷ್ಟಿದೆ, ಎಷ್ಟು ಹಳೆಯದು ಎಂದು ನೋಡಬೇಕು. ಕಡಿಮೆಯಿದ್ದರೆ ತುಂಬಿ, ಕೊಳೆಯಾಗಿದ್ದರೆ ಬದಲಾಯಿಸಿ ಮತ್ತೆ ಕೇಳಬೇಕು. ಅನಂತರ ಟ್ಯಾಪೆಟ್ಟಿನ ಅಂತರ ಸರಿಯಾಗಿದೆಯೇ ಎಂದು ನೋಡಿಸಬೇಕು. ಎಷ್ಟೋ ಬಂಡಿಗಳಲ್ಲಿ ಸದ್ದು ಇಲ್ಲಿಗೇ ಅಡಗುತ್ತದೆ. ಟೆನ್ಷನರಿನ ಹಣ ಉಳಿಯುತ್ತದೆ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯಲು ಉದ್ದನೆಯ ಮರದ ಕೋಲಿನ ಒಂದು ತುದಿಯನ್ನು ಎಂಜಿನಿನ ಮೈಗೆ ತಾಗಿಸಿ, ಇನ್ನೊಂದನ್ನು ಕಿವಿಯ ಬಳಿ ಹಿಡಿಯುವ ರೂಢಿಯಿದೆ. ಘನವಸ್ತುವಿನಲ್ಲಿ ಶಬ್ದ ಚೆನ್ನಾಗಿ ಹರಿಯುತ್ತದೆ ಎಂಬ ಪಾಠವೇ ಇದು. ಮಕ್ಕಳು ಇದನ್ನು ದೊಡ್ಡವರ ಜೊತೆಯಲ್ಲಿ, ಬಯಲಿನಲ್ಲಿ ಮಾತ್ರ ಮಾಡಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಜಿನನ್ನು ಓಡಿಸಿದರೆ ಅದರ ಹೊಗೆ ಪ್ರಾಣಾಪಾಯಕರ.

ಕೈಗೂ ಕಣ್ಣಿಗೂ ಸಿಗುವ ಪುರಾವೆ

ಕಿವಿ ಸಂಶಯವನ್ನು ಹುಟ್ಟಿಸುತ್ತದೆ. ತೀರ್ಮಾನ ಮಾಡತಕ್ಕವು ಕೈ ಮತ್ತು ಕಣ್ಣು. ಮೆಕ್ಯಾನಿಕ್ಕನು ಮೊದಲು ಒತ್ತುವ ಸ್ಟ್ರೋಕಿನಲ್ಲಿ ಪಿಸ್ಟನ್ನನ್ನು ತುತ್ತತುದಿಗೆ ತಂದು ನಿಲ್ಲಿಸುತ್ತಾನೆ. ಮ್ಯಾಗ್ನೆಟ್ ಚಕ್ರದ ಮೇಲಿರುವ ‘ಟಿ’ ಎಂಬ ಅಕ್ಷರದ ಗೆರೆ ಎಂಜಿನಿನ ಗುರುತಿಗೆ ಸರಿಯಾಗಿ ಬರಬೇಕು. ಆಗ ಮೇಲಿನ ಹಲ್ಲುಚಕ್ರದ ಗೆರೆಯೂ ಹೆಡ್ಡಿನ ಮೇಲಿನ ಗುರುತಿಗೆ ಹೊಂದಿರಬೇಕು. ಸ್ವಲ್ಪ ಹಿಂದುಳಿದಿದ್ದರೆ ಚೈನು ಉದ್ದವಾಗಿದೆ. ಪೂರ್ತಿ ಒಂದು ಹಲ್ಲಿನಷ್ಟು ತಪ್ಪಿದ್ದರೆ ಚೈನು ಹಾರಿದೆ. 28 ಹಲ್ಲುಗಳ ಚಕ್ರದಲ್ಲಿ ಒಂದು ಹಲ್ಲೆಂದರೆ ಸುಮಾರು 13 ಡಿಗ್ರಿ. ಕ್ರ್ಯಾಂಕಿನ ಲೆಕ್ಕದಲ್ಲಿ ಅದರ ಇಮ್ಮಡಿ, ಸುಮಾರು 26 ಡಿಗ್ರಿ. ಅಂಥ ಎಂಜಿನನ್ನು ಒಂದು ಸಲವೂ ಕಿಕ್ ಹೊಡೆಯಬಾರದು.

ಅನಂತರ ಟೆನ್ಷನರನ್ನು ಹೊರತೆಗೆಯಬೇಕು. ಅದು ಹೊರಗಿರುವಾಗ ಎಂಜಿನನ್ನು ತಿರುಗಿಸಕೂಡದು. ತಿರುಗಿಸಿದರೆ ಚೈನು ಹಲ್ಲು ತಪ್ಪುತ್ತದೆ. ಹೊರಬಂದ ಟೆನ್ಷನರಿನಲ್ಲಿ ನೋಡಬೇಕಾದುದು ಎರಡು. ಒಂದು, ಕಡ್ಡಿ ಎಷ್ಟು ಚಾಚಿಕೊಂಡು ಕೆಲಸ ಮಾಡುತ್ತಿತ್ತು? ಅದಕ್ಕೆ ಇನ್ನೂ ಮುಂದೆ ಹೋಗುವ ಅವಕಾಶವಿದ್ದರೆ ಚೈನಿಗೆ ಆಯುಸ್ಸಿದೆ. ತನ್ನ ಕೊನೆಯ ಮೆಟ್ಟಿಲಿಗೆ ಬಂದು ನಿಂತಿದ್ದರೆ ದೋಷ ಟೆನ್ಷನರಿನದಲ್ಲ. ಚೈನೋ ಪಟ್ಟಿಯೋ ಮುಗಿದಿದೆ. ಇನ್ನೊಂದು, ಸ್ಪ್ರಿಂಗಿನ ಬಗೆಯದಾದರೆ, ಚಾಚಿದ ಕಡ್ಡಿಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗ ಅದು ಹಿಂದಕ್ಕೆ ಹೋಗುತ್ತದೆಯೇ? ಹೋಗಕೂಡದು. ಹೋದರೆ, ಜಾರಿದರೆ, ಇಲ್ಲವೆ ಅಲ್ಲಲ್ಲಿ ಸಿಕ್ಕಿಕೊಂಡು ಮುಂದಕ್ಕೇ ಬಾರದಿದ್ದರೆ ಹಿಡಿತ ಹೋಗಿದೆ. ಅದನ್ನು ಕೂಡಲೇ ಬದಲಾಯಿಸಬೇಕು. ನಾವು ಬಲ್ಲ ಪರೀಕ್ಷೆಗಳಲ್ಲಿ ಇದು ಅತಿ ಸರಳವಾದುದು. ಪೋಷಕರು ಮೆಕ್ಯಾನಿಕ್ಕನ ಎದುರಿಗೆ ನಿಂತು ತಾವೇ ಮಾಡಿ ನೋಡಬಹುದು. ಎಣ್ಣೆಯ ಬಗೆಯದನ್ನು ಮಾತ್ರ ಆಯಾ ಎಂಜಿನಿನ ಕೈಪಿಡಿಯಲ್ಲಿ ಹೇಳಿದಂತೆ ಪರೀಕ್ಷಿಸಬೇಕು.

ಎಂಜಿನಿನ ಹೆಡ್ಡು ಬಿಚ್ಚಿದ್ದರೆ ಪಟ್ಟಿಗಳ ಮುಖವನ್ನೂ ನೋಡಬೇಕು. ಚೈನಿನ ಗೀರು ಬೀಳುವುದು ಸಹಜ. ಆದರೆ ಗೀರು ಆಳವಾದ ಕಾಲುವೆಯಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಮುಖದ ಚೂರು ಕಿತ್ತುಹೋಗಿದ್ದರೆ ಪಟ್ಟಿಯನ್ನು ಮತ್ತೆ ಹಾಕಬಾರದು. ಎಣ್ಣೆ ಬದಲಾಯಿಸುವಾಗ ಜಾಲರಿಯಲ್ಲಿ ಕರಿಯ ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ಚೂರುಗಳು ಕಂಡರೆ ಅವು ಈ ಪಟ್ಟಿಯವೇ ಇರಬಹುದೆಂದು ಅನುಮಾನಿಸಬೇಕು.

ಏನನ್ನು ಬದಲಾಯಿಸಬೇಕು, ಏನನ್ನು ಮಾಡಬಾರದು

ಮೇಲಿನ ಪರೀಕ್ಷೆಗಳಿಂದ ತೀರ್ಮಾನ ತಾನಾಗಿ ಹೊರಡುತ್ತದೆ. ಗುರುತುಗಳು ಹೊಂದಿವೆ, ಕಡ್ಡಿಗೆ ಇನ್ನೂ ಮುಂದೆ ಹೋಗುವ ಅವಕಾಶವಿದೆ, ಆದರೆ ಒತ್ತಿದರೆ ಹಿಂದೆ ಹೋಗುತ್ತದೆ ಎಂದಾದರೆ ಟೆನ್ಷನರೊಂದನ್ನೇ ಬದಲಾಯಿಸಿದರೆ ಸಾಕು. ಇದು ಕಡಿಮೆ ಖರ್ಚಿನ, ಕಡಿಮೆ ಹೊತ್ತಿನ ಕೆಲಸ. ಕಡ್ಡಿ ಕೊನೆ ಮುಟ್ಟಿದೆ, ಕ್ಯಾಮಿನ ಗುರುತು ಹಿಂದುಳಿದಿದೆ ಎಂದಾದರೆ ಚೈನು, ಎರಡು ಪಟ್ಟಿಗಳು, ಟೆನ್ಷನರು ಇವನ್ನೆಲ್ಲ ಒಟ್ಟಿಗೆ ಬದಲಾಯಿಸಿ, ಹಲ್ಲುಚಕ್ರಗಳನ್ನೂ ಪರೀಕ್ಷಿಸಬೇಕು. ಹಲ್ಲುಗಳು ಕೊಕ್ಕೆಯಂತೆ ಬಾಗಿ ಸವೆದಿದ್ದರೆ ಹೊಸ ಚೈನನ್ನು ಅವು ಬೇಗನೆ ತಿಂದುಹಾಕುತ್ತವೆ. ಬೇರೆ ಕಾರಣಕ್ಕಾಗಿ ಎಂಜಿನಿನ ಮೇಲ್ಭಾಗವನ್ನು ಬಿಚ್ಚಿದಾಗ, ಬಂಡಿ ಬಹಳ ಓಡಿದ್ದರೆ, ಈ ಭಾಗಗಳನ್ನು ಆಗಲೇ ಹೊಸದು ಮಾಡಿಸುವುದು ಲಾಭ. ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ.

ಸ್ಪ್ರಿಂಗಿನ ಹಿಂದೆ ವಾಷರು ತುರುಕಿ, ಇಲ್ಲವೆ ಸ್ಪ್ರಿಂಗನ್ನು ಎಳೆದು ಉದ್ದಮಾಡಿ ಸದ್ದನ್ನು ಅಡಗಿಸಿ ಕಳಿಸುವವರುಂಟು. ಇದು ಜ್ವರದವನ ಬಾಯಿಗೆ ಬಟ್ಟೆ ಕಟ್ಟಿ ನರಳಾಟ ನಿಲ್ಲಿಸಿದಂತೆ. ಅತಿಯಾಗಿ ಬಿಗಿದ ಚೈನು ಪಟ್ಟಿಯನ್ನು ಕೊರೆಯುತ್ತದೆ, ಕ್ಯಾಮ್ ಕೂರುವ ಜಾಗವನ್ನು ಸವೆಸುತ್ತದೆ. ಕೈಯಿಂದ ಸರಿಪಡಿಸುವ ಟೆನ್ಷನರಿನಲ್ಲಿಯೂ ಬಿಗಿತ ಹಿತಮಿತವಾಗಿರಬೇಕು.

ಹೊಸ ಟೆನ್ಷನರನ್ನು ಕೂರಿಸುವಾಗ ಕಡ್ಡಿಯನ್ನು ಮೊದಲು ಒಳಕ್ಕೆ ಸೇರಿಸಿ, ಹೊಸ ಪ್ಯಾಕಿಂಗು ಹಾಕಿ, ಎರಡು ಬೋಲ್ಟುಗಳನ್ನೂ ಬಿಗಿದ ಮೇಲೆ ಸ್ಪ್ರಿಂಗನ್ನು ಬಿಡಬೇಕು. ಕಡ್ಡಿ ಚಾಚಿರುವಾಗಲೇ ಬೋಲ್ಟು ಬಿಗಿದರೆ ಚೈನು ಬಿಲ್ಲಿನ ಹೆದೆಯಂತೆ ಬಿಗಿದುಕೊಳ್ಳುತ್ತದೆ, ಅಥವಾ ಅಲ್ಯೂಮಿನಿಯಮ್ಮಿನ ಮರೆ ಹರಿಯುತ್ತದೆ. ಆಮೇಲೆ ಕಿಕ್ ಹೊಡೆಯದೆ, ಎಂಜಿನನ್ನು ಅದು ಓಡುವ ದಿಕ್ಕಿನಲ್ಲಿಯೇ ಕೈಯಿಂದ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಹೊಂದಿದವೇ ಎಂದು ನೋಡಬೇಕು. ಎಲ್ಲಿಯಾದರೂ ತಡೆದಂತಾದರೆ ಬಲವಂತ ಮಾಡದೆ ನಿಲ್ಲಿಸಬೇಕು.

ತಡಮಾಡಿದರೆ

ಸಡಿಲ ಚೈನು ಚಾಟಿಯಂತೆ ಬಡಿಯುತ್ತ ಮೊದಲು ಪಟ್ಟಿಯನ್ನು ಒಡೆಯುತ್ತದೆ. ಅನಂತರ ಎಂಜಿನಿನ ಒಳಗೋಡೆಯನ್ನು ಕೆರೆದು ಲೋಹದ ಪುಡಿಯನ್ನು ಎಣ್ಣೆಗೆ ಸೇರಿಸುತ್ತದೆ. ಕೊನೆಗೊಂದು ದಿನ ಹಲ್ಲು ಹಾರುತ್ತದೆ. ಆಗ ವಾಲ್ವುಗಳು ಬಾಗಬಹುದು, ಪಿಸ್ಟನ್ನಿನ ನೆತ್ತಿ ಒಡೆಯಬಹುದು. ಲಾರಿಗಳ ನಡುವೆ ಹೋಗುತ್ತಿದ್ದ ಬಂಡಿ ಬೆಂಗಳೂರು ರಸ್ತೆಯ ಮಧ್ಯದಲ್ಲಿ ಥಟ್ಟನೆ ನಿಂತರೆ ಆಗಬಹುದಾದ ಅನಾಹುತವನ್ನು ನಾವು ವಿವರಿಸಬೇಕಾಗಿಲ್ಲ.

ಎರಡು ವರ್ಷಗಳ ಹಿಂದೆ ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬನು ಮೂರು ವಾರ ಶಾಲೆಗೆ ಬರಲಿಲ್ಲ. ವಿಚಾರಿಸಲಾಗಿ, ಹಾಲು ಹಾಕುವ ಅವನ ತಂದೆಯ ಬಂಡಿಯ ಎಂಜಿನು ಒಡೆದುಹೋಗಿತ್ತು. ಸದ್ದು ನಾಲ್ಕು ತಿಂಗಳಿಂದ ಇತ್ತು. ಟೆನ್ಷನರು ಹಿಡಿಯುತ್ತಿಲ್ಲವೆಂದು ಮೆಕ್ಯಾನಿಕ್ಕನು ಹೇಳಿಯೂ ಇದ್ದನು. ‘ಹಬ್ಬ ಕಳೆಯಲಿ ಸ್ವಾಮಿ, ನೋಡೋಣ ಅಂದುಕೊಂಡೆ’ ಎಂದು ಆ ತಂದೆ ನಮ್ಮೆದುರು ತಲೆತಗ್ಗಿಸಿದನು. ಎಂಜಿನಿನ ದುರಸ್ತಿಗೆ ಸಾಲ ಹುಟ್ಟುವವರೆಗೆ ಹುಡುಗನು ದಿನಕ್ಕೆ ಎರಡು ಹೊತ್ತು ಸೈಕಲ್ಲಿನ ಮೇಲೆ ಕ್ಯಾನುಗಳನ್ನು ಸಾಗಿಸಿದನು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂದು ಆ ತಂದೆಯನ್ನು ಹಳಿಯುವುದು ಸುಲಭ. ಕೈಯಲ್ಲಿ ಹಣವಿಲ್ಲದವನು ಸದ್ದು ಮಾಡುವ ಯಂತ್ರವನ್ನು ನಾಳೆಗೆ ತಳ್ಳುವುದು ಲೋಕದ ರೀತಿ. ಆದರೆ ಆ ನಾಳೆಯ ಬೆಲೆಯನ್ನು ತೆತ್ತದ್ದು ಯಂತ್ರವೊಂದೇ ಅಲ್ಲ, ಹುಡುಗನ ಪಾಠವೂ ತೆತ್ತಿತು. ನಾವು ಈ ಲೇಖನವನ್ನು ಬರೆಯಲು ಇದೇ ಕಾರಣ.

ಪೋಷಕರಿಗೂ ವಿದ್ಯಾರ್ಥಿಗಳಿಗೂ

ಪೋಷಕರು ವರ್ಕ್‌ಷಾಪಿನಲ್ಲಿ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಬೇಕು. ಟೆನ್ಷನರಿನ ಕಡ್ಡಿ ಎಷ್ಟು ಮುಂದೆ ಬಂದಿತ್ತು? ಒತ್ತಿದರೆ ಹಿಂದೆ ಹೋಗುತ್ತದೆಯೇ? ಮೇಲಿನ ಮತ್ತು ಕೆಳಗಿನ ಗುರುತುಗಳು ಹೊಂದಿವೆಯೇ? ಒಳ್ಳೆಯ ಮೆಕ್ಯಾನಿಕ್ಕನು ಈ ಪ್ರಶ್ನೆಗಳಿಂದ ಕೋಪಗೊಳ್ಳುವುದಿಲ್ಲ. ತನ್ನ ಕೆಲಸವನ್ನು ಬಲ್ಲವರು ಬಂದಿದ್ದಾರೆಂದು ಸಂತೋಷದಿಂದ ಬಿಚ್ಚಿ ತೋರಿಸುತ್ತಾನೆ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಬೇಕು. ಬದಲಾಯಿಸಿದ ದಿನಾಂಕವನ್ನೂ ಮೀಟರಿನ ಅಂಕಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮನೆಯಲ್ಲಿ ಓದುವ ಮಗುವಿದ್ದರೆ ಈ ಲೆಕ್ಕವನ್ನು ಅದರ ಕೈಗೇ ಒಪ್ಪಿಸಬಹುದು.

ವಿದ್ಯಾರ್ಥಿಗಳಿಗೆ ನಾವು ಹೇಳುವುದು ಇಷ್ಟೆ. ನಿಮ್ಮಲ್ಲಿ ಕೆಲವರು ಮುಂದೆ ಸ್ಪ್ಯಾನರು ಹಿಡಿದು ಬದುಕುವವರಿದ್ದೀರಿ. ಅದು ಗೌರವದ ಕಸುಬು. ಆದರೆ ತರಗತಿಯಲ್ಲಿ ಕಲಿಯುವ ಭಾಗಾಕಾರ, ಕೋನ, ಘರ್ಷಣೆ, ಶಬ್ದದ ಪಾಠಗಳು ಆ ಕಸುಬಿಗೆ ಹೊರಗಿನವು ಎಂದು ತಿಳಿಯಬೇಡಿ. 28 ಹಲ್ಲುಗಳಿಂದ 360ನ್ನು ಭಾಗಿಸಬಲ್ಲವನಿಗೆ ಒಂದು ಹಲ್ಲು ಹಾರಿದರೆ ಏನಾಗುತ್ತದೆಂಬುದು ಎಂಜಿನು ಒಡೆಯುವ ಮೊದಲೇ ಗೊತ್ತಿರುತ್ತದೆ. ಈ ಭಾನುವಾರ ನಿಮ್ಮ ಮನೆಯ ಬಂಡಿಯನ್ನು ಬಯಲಿಗೆ ತಂದು, ತಂದೆಯವರ ಜೊತೆಯಲ್ಲಿ ಎಣ್ಣೆಯ ಮಟ್ಟವನ್ನು ನೋಡಿರಿ. ಆಮೇಲೆ ಎಂಜಿನನ್ನು ಮೆಲ್ಲನೆ ಓಡಿಸಿ, ಎರಡು ನಿಮಿಷ ಸುಮ್ಮನೆ ನಿಂತು ಅದರ ಸದ್ದನ್ನು ಕಿವಿಗೊಟ್ಟು ಕೇಳಿರಿ.